ಕಲ್ಲಿನಲ್ಲೊಂದು ಮೆರವಣಿಗೆ: ಪಾರ್ಥೆನಾನ್ ಉಬ್ಬುಶಿಲ್ಪಗಳ ಮುಂದೆ ಕೆಲವು ಚಿಂತನೆಗಳು

ಧರ್ಮಕೇಂದ್ರದ ಹಬ್ಬದ ಮೆರವಣಿಗೆಯನ್ನು ನೀವೆಲ್ಲರೂ ಬಲ್ಲಿರಿ. ಮುಂದೆ ಶಿಲುಬೆ, ಅದರ ಹಿಂದೆ ಮೇಣದ ಬತ್ತಿ ಹಿಡಿದ ಮಕ್ಕಳು, ವಾದ್ಯದವರು, ಭಕ್ತಸಮೂಹ, ಕಟ್ಟಕಡೆಗೆ ಅಲಂಕೃತವಾದ ತೇರು. ಮುಂದಿನ ಸಾಲು ದೇವಾಲಯದ ಬಾಗಿಲನ್ನು ಸಮೀಪಿಸುತ್ತಿರುವಾಗ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬಾತ ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿರುತ್ತಾನೆ. ತಾಯಿಯೊಬ್ಬಳು ಮಗುವಿನ ಬಟ್ಟೆಯನ್ನು ಸರಿಪಡಿಸುತ್ತಿರುತ್ತಾಳೆ. ಭಕ್ತಿಯೂ ಗಡಿಬಿಡಿಯೂ ಜೊತೆಯಾಗಿ ನಡೆಯುವ ದಿನವದು.

ಇಂತಹುದೇ ಒಂದು ಮೆರವಣಿಗೆಯನ್ನು ಸುಮಾರು 2460 ವರ್ಷಗಳ ಹಿಂದೆ ಗ್ರೀಸ್ ದೇಶದ ಅಥೆನ್ಸ್ ನಗರದ ಶಿಲ್ಪಿಗಳು ಅಮೃತಶಿಲೆಯಲ್ಲಿ ಕಡೆದಿಟ್ಟರು. ಆಕ್ರೊಪೊಲಿಸ್ ಎಂಬ ಬೆಟ್ಟದ ಮೇಲಿರುವ ಪಾರ್ಥೆನಾನ್ ದೇವಾಲಯದ ಗೋಡೆಯ ನೆತ್ತಿಯಲ್ಲಿ ಅದು ಸುತ್ತುವರಿದು ಹರಿದಿತ್ತು. ಲೋಕದ ಶ್ರೇಷ್ಠ ಶಿಲ್ಪಕೃತಿಗಳಲ್ಲಿ ಒಂದೆಂದು ಪರಿಗಣಿತವಾಗಿರುವ ಈ ಕೃತಿಯನ್ನು ಕುರಿತು ನಮ್ಮ ಮಾಸಪತ್ರಿಕೆಯಲ್ಲಿ ಬರೆಯುವುದೇಕೆ ಎಂದು ನೀವು ಕೇಳಬಹುದು. ಅದೊಂದು ಅನ್ಯದೇವತೆಯ ಗುಡಿಯಲ್ಲವೇ? ಹೌದು. ಆದರೆ ಆ ಗುಡಿ ಸುಮಾರು ಒಂದು ಸಾವಿರ ವರ್ಷಗಳ ಕಾಲ ದೇವಮಾತೆ ಮರಿಯಳ ಹೆಸರಿನ ಕ್ರೈಸ್ತ ದೇವಾಲಯವೂ ಆಗಿತ್ತು. ಅದರ ಶಿಲ್ಪಗಳ ಮೇಲಿರುವ ಗಾಯಗಳಲ್ಲಿ ಕೆಲವು ನಮ್ಮವರೇ ಮಾಡಿದ ಗಾಯಗಳು. ಆದ್ದರಿಂದ ಆ ಶಿಲ್ಪಗಳನ್ನು ನೋಡುವಾಗ ನಾವು ಕೇವಲ ಪ್ರವಾಸಿಗರಾಗಿ ನಿಲ್ಲಲಾರೆವು.

ಶಿಲ್ಪಗಳ ಪರಿಚಯ

ಪಾರ್ಥೆನಾನ್ ದೇವಾಲಯದ ನಿರ್ಮಾಣ ಆರಂಭವಾದುದು ಕ್ರಿಸ್ತಪೂರ್ವ 447ರಲ್ಲಿ. ಪರ್ಷಿಯನ್ನರು ಕ್ರಿಸ್ತಪೂರ್ವ 480ರಲ್ಲಿ ಬೆಟ್ಟದ ಮೇಲಿನ ಗುಡಿಗಳನ್ನೆಲ್ಲಾ ಸುಟ್ಟುಹಾಕಿದ್ದರು. ಪೆರಿಕ್ಲಿಸ್ ಎಂಬ ಮುತ್ಸದ್ದಿಯ ಕಾಲದಲ್ಲಿ, ಇಕ್ಟಿನಸ್ ಮತ್ತು ಕ್ಯಾಲಿಕ್ರೇಟಿಸ್ ಎಂಬ ವಾಸ್ತುಶಿಲ್ಪಿಗಳ ಹೊಣೆಯಲ್ಲಿ ಹೊಸ ಕಟ್ಟಡ ಎದ್ದು ನಿಂತಿತು. ಶಿಲ್ಪಕಾರ್ಯದ ಮೇಲ್ವಿಚಾರಣೆ ಫಿಡಿಯಾಸನದಾಗಿತ್ತು. ಕ್ರಿಸ್ತಪೂರ್ವ 438ರಲ್ಲಿ ಅಥೀನಾ ದೇವತೆಯ ಚಿನ್ನ ಮತ್ತು ದಂತದ ಮೂರ್ತಿ ಪ್ರತಿಷ್ಠಾಪಿತವಾಯಿತು. 432ರ ಹೊತ್ತಿಗೆ ಶಿಲ್ಪಗಳೆಲ್ಲವೂ ಮುಗಿದವು. ಹದಿನೈದು ವರ್ಷಗಳಲ್ಲಿ ಇಷ್ಟು ದೊಡ್ಡ ಕಾರ್ಯ ಪೂರ್ಣಗೊಂಡಿತೆಂಬುದೇ ಒಂದು ವಿಸ್ಮಯ.

ದೇವಾಲಯದ ಶಿಲ್ಪಗಳು ಮೂರು ಬಗೆಯವು. ಮೊದಲನೆಯವು, ಪೂರ್ವ ಮತ್ತು ಪಶ್ಚಿಮದ ಮುಖಗಳಲ್ಲಿ ಮಾಡಿನ ಕೆಳಗಿನ ತ್ರಿಕೋನಗಳಲ್ಲಿ ನಿಲ್ಲಿಸಿದ ಪೂರ್ಣಮೂರ್ತಿಗಳು. ಎರಡನೆಯವು, ಹೊರಗಿನ ಕಂಬಸಾಲಿನ ಮೇಲೆ ಸುತ್ತಲೂ ಕೂಡಿಸಿದ 92 ಚೌಕ ಫಲಕಗಳು. ಇವುಗಳಿಗೆ ಮೆಟೊಪ್ ಎಂದು ಹೆಸರು. ಪೂರ್ವದಲ್ಲಿ ದೇವತೆಗಳಿಗೂ ದೈತ್ಯರಿಗೂ ಯುದ್ಧ, ಪಶ್ಚಿಮದಲ್ಲಿ ಅಮೆಜಾನ್ ಎಂಬ ವೀರಸ್ತ್ರೀಯರೊಡನೆ ಯುದ್ಧ, ಉತ್ತರದಲ್ಲಿ ಟ್ರಾಯ್ ನಗರದ ಪತನ, ದಕ್ಷಿಣದಲ್ಲಿ ಅರ್ಧ ಮನುಷ್ಯ ಅರ್ಧ ಕುದುರೆಯ ಆಕಾರದ ಸೆಂಟಾರರೊಡನೆ ಲ್ಯಾಪಿತರ ಹೋರಾಟ. ಮೂರನೆಯದೇ ಮೆರವಣಿಗೆಯ ಶಿಲ್ಪಪಟ್ಟಿಕೆ. ಕಂಬಸಾಲಿನ ಒಳಗೆ, ಗರ್ಭಗೃಹದ ಹೊರಗೋಡೆಯ ಮೇಲ್ಭಾಗದಲ್ಲಿ, ಎತ್ತರ ಒಂದು ಮೀಟರಿಗಿಂತ ತುಸು ಹೆಚ್ಚು, ಉದ್ದ 160 ಮೀಟರು. ಅದರಲ್ಲಿ 378 ಮನುಷ್ಯ ಮತ್ತು ದೇವತಾ ಆಕೃತಿಗಳೂ ಇನ್ನೂರಕ್ಕೂ ಹೆಚ್ಚು ಪ್ರಾಣಿಗಳೂ ಇದ್ದುವೆಂದು ಲೆಕ್ಕ ಹಾಕಿದ್ದಾರೆ. ಪ್ರಾಣಿಗಳಲ್ಲಿ ಹೆಚ್ಚಿನವು ಕುದುರೆಗಳು.

ಇನ್ನು ಆ ಮೆರವಣಿಗೆಯೊಡನೆ ಸ್ವಲ್ಪ ದೂರ ನಡೆಯೋಣ. ಪಶ್ಚಿಮದ ಗೋಡೆಯಲ್ಲಿ ಸವಾರರು ಸಿದ್ಧರಾಗುತ್ತಿದ್ದಾರೆ. ಒಬ್ಬ ಪಾದರಕ್ಷೆ ಕಟ್ಟಿಕೊಳ್ಳುತ್ತಿದ್ದಾನೆ, ಇನ್ನೊಬ್ಬ ಹಿಂಗಾಲ ಮೇಲೆ ನಿಂತ ಕುದುರೆಯನ್ನು ಹತೋಟಿಗೆ ತರುತ್ತಿದ್ದಾನೆ. ಮೆರವಣಿಗೆ ಅಲ್ಲಿ ಎರಡಾಗಿ ಕವಲೊಡೆದು ಉತ್ತರ ಮತ್ತು ದಕ್ಷಿಣದ ಗೋಡೆಗಳ ಮೇಲೆ ಸಮಾನಾಂತರವಾಗಿ ಸಾಗುತ್ತದೆ. ಒಂದೊಂದು ಬದಿಯಲ್ಲೂ 60 ಮಂದಿ ಕುದುರೆ ಸವಾರರು. ಅವರ ಮುಂದೆ ರಥಗಳು, ರಥಗಳ ಮುಂದೆ ಹಿರಿಯರು, ವಾದ್ಯಗಾರರು, ನೀರಿನ ಕೊಡ ಹೊತ್ತವರು, ನೈವೇದ್ಯದ ತಟ್ಟೆ ಹಿಡಿದವರು. ಅವರಿಗೂ ಮುಂದೆ ಬಲಿಯ ಹಸುಗಳು ಮತ್ತು ಕುರಿಗಳು. ಪೂರ್ವದ ಗೋಡೆಯಲ್ಲಿ ಎರಡೂ ಕವಲುಗಳು ಎದುರುಬದುರಾಗಿ ಬಂದು ಸೇರುತ್ತವೆ. ಅಲ್ಲಿ ಕನ್ಯೆಯರು ಮೌನವಾಗಿ ನಡೆಯುತ್ತಿದ್ದಾರೆ, ಹನ್ನೆರಡು ದೇವತೆಗಳು ಪೀಠಗಳ ಮೇಲೆ ಆಸೀನರಾಗಿದ್ದಾರೆ. ಮಧ್ಯದಲ್ಲಿ ಒಬ್ಬ ಹಿರಿಯನೂ ಒಂದು ಮಗುವೂ ಒಂದು ಬಟ್ಟೆಯನ್ನು ಮಡಿಸುತ್ತಿದ್ದಾರೆ.

ಅಥೆನ್ಸಿನ ಜನರು ಅಥೀನಾ ದೇವತೆಗೆ ನೇಯ್ದ ವಸ್ತ್ರವೊಂದನ್ನು ಹಬ್ಬದ ದಿನ ಮೆರವಣಿಗೆಯಲ್ಲಿ ತಂದು ಅರ್ಪಿಸುತ್ತಿದ್ದರು. ಈ ಪಟ್ಟಿಕೆಯಲ್ಲಿರುವುದು ಆ ಹಬ್ಬವೇ ಎಂಬುದು ಹದಿನೆಂಟನೆಯ ಶತಮಾನದಿಂದ ಪ್ರಚಲಿತವಾಗಿರುವ ವ್ಯಾಖ್ಯಾನ. ಅಮೇರಿಕದ ಪುರಾತತ್ವಜ್ಞೆ ಜೋನ್ ಕಾನೆಲಿಯವರು 1990ರ ದಶಕದಲ್ಲಿ ಬೇರೊಂದು ವ್ಯಾಖ್ಯಾನವನ್ನು ಮುಂದಿಟ್ಟರು. ನಗರದ ಉಳಿವಿಗಾಗಿ ಬಲಿಯಾದ ಎರೆಕ್ತಿಯಸ್ ರಾಜನ ಮಗಳ ಕಥೆ ಇದು, ಆ ಬಟ್ಟೆ ಅವಳು ಬಲಿಗೆ ಹೋಗುವಾಗ ಉಡುವ ವಸ್ತ್ರ ಎಂಬುದು ಅವರ ವಾದ. ಬಹುಪಾಲು ವಿದ್ವಾಂಸರು ಅದನ್ನು ಒಪ್ಪಿಲ್ಲ. ಆದರೂ ಅದನ್ನು ಓದಿದ ಮೇಲೆ ಆ ಮಗುವಿನ ಆಕೃತಿಯನ್ನು ಮೊದಲಿನಷ್ಟೇ ನಿಶ್ಚಿಂತೆಯಿಂದ ನೋಡುವುದು ನನಗಂತೂ ಸಾಧ್ಯವಾಗಿಲ್ಲ.

ಐದು ಸೆಂಟಿಮೀಟರಿನಲ್ಲಿ ಒಂದು ಲೋಕ

ಈಗ ಕಲೆಯ ಗುಣವನ್ನು ಕುರಿತು ನಾಲ್ಕು ಮಾತು. ಉಬ್ಬುಶಿಲ್ಪವೆಂದರೆ ಕಲ್ಲಿನಿಂದ ಪೂರ್ತಿಯಾಗಿ ಬಿಡಿಸಿಕೊಳ್ಳದ ಶಿಲ್ಪ. ಈ ಪಟ್ಟಿಕೆಯಲ್ಲಿ ಉಬ್ಬಿನ ಆಳ ಸರಾಸರಿ ಐದು ಸೆಂಟಿಮೀಟರಿನ ಆಸುಪಾಸು. ಅಂಗೈಯ ಅಗಲಕ್ಕಿಂತಲೂ ಕಡಿಮೆ. ಅಷ್ಟರೊಳಗೆ ಸಾಲುಸಾಲು ಕುದುರೆಗಳು ಒಂದರ ಪಕ್ಕದಲ್ಲಿ ಒಂದು ಓಡುತ್ತವೆ. ದಕ್ಷಿಣದ ಸವಾರರು ಹತ್ತು ಸಾಲುಗಳಲ್ಲಿ, ಸಾಲಿಗೆ ಆರು ಮಂದಿಯಂತೆ ಇದ್ದಾರೆ. ಕಾಲುಗಳ ಹೆಣಿಗೆಯನ್ನು ಗಮನಿಸಿದರೆ ಯಾವ ಗೊರಸು ಯಾವ ಕುದುರೆಯದೆಂದು ಗುರುತಿಸಬಹುದು. ನಮ್ಮ ಕಣ್ಣು ಮಾತ್ರ ಅಲ್ಲಿ ಅಳತೆಗೆ ಮೀರಿದ ಆಳವನ್ನು ಕಾಣುತ್ತದೆ.

ಇದರಲ್ಲಿ ಒಂದು ಜಾಣ್ಮೆಯ ಲೆಕ್ಕಾಚಾರವೂ ಇದೆ. ಪಟ್ಟಿಕೆ ನೆಲದಿಂದ ಸುಮಾರು 12 ಮೀಟರ್ ಎತ್ತರದಲ್ಲಿತ್ತು. ಕಂಬಸಾಲಿನ ನೆರಳಿನಲ್ಲಿ, ಕೆಳಗಿನಿಂದ ಪುಟಿದು ಬರುವ ಬೆಳಕಿನಲ್ಲಿ ಅದನ್ನು ಕತ್ತೆತ್ತಿ ನೋಡಬೇಕಾಗಿತ್ತು. ಆದ್ದರಿಂದ ಶಿಲ್ಪಿಗಳು ಕೆಳಭಾಗವನ್ನು ತೆಳುವಾಗಿಯೂ ಮೇಲ್ಭಾಗವನ್ನು ಹೆಚ್ಚು ಉಬ್ಬಾಗಿಯೂ ಕಡೆದರು. ಹಿನ್ನೆಲೆಗೂ ಉಡುಪುಗಳಿಗೂ ಬಣ್ಣ ಬಳಿದಿದ್ದರು. ಕುದುರೆಗಳ ಕಡಿವಾಣಗಳು ಲೋಹದವು. ಅವನ್ನು ಸಿಕ್ಕಿಸಿದ್ದ ಚಿಕ್ಕ ತೂತುಗಳು ಇಂದಿಗೂ ಕಾಣುತ್ತವೆ. ನಾವು ಶುದ್ಧ ಬಿಳುಪೆಂದು ಮೆಚ್ಚುವ ಕಲ್ಲು ಅಂದು ಬಿಳಿಯಾಗಿರಲಿಲ್ಲ.

ಇಷ್ಟೆಲ್ಲಾ ಮಾಡಿದರೂ ನೆಲದ ಮೇಲೆ ನಿಂತವನಿಗೆ ಪಟ್ಟಿಕೆ ಕಂಬಗಳ ನಡುವಿನ ಸಂದುಗಳಲ್ಲಿ ತುಂಡುತುಂಡಾಗಿಯೇ ಕಾಣುತ್ತಿತ್ತು. ಒಂದು ಪಾದರಕ್ಷೆಯ ಪಟ್ಟಿಯನ್ನೋ ಕುದುರೆಯ ಕುತ್ತಿಗೆಯ ನರವನ್ನೋ ಕೆಳಗಿನಿಂದ ಕಂಡವರು ಎಷ್ಟು ಮಂದಿ ಇದ್ದಿರಬೇಕು? ಆದರೂ ಆ ಕೆಲಸ ಎಲ್ಲಿಯೂ ಸಡಿಲಗೊಂಡಿಲ್ಲ. ಯಾರ ಕಣ್ಣಿಗೂ ಬೀಳದ ಕೆಲಸವನ್ನು ಕಣ್ಣಿಗೆ ಬೀಳುವ ಕೆಲಸದಷ್ಟೇ ನಿಷ್ಠೆಯಿಂದ ಮಾಡಿದವರು ಸತ್ಯದೇವರನ್ನು ಅರಿಯದವರಾಗಿದ್ದರೂ ಆರಾಧನೆಯೆಂದರೇನೆಂಬುದನ್ನು ಅರಿತಿದ್ದರು ಎಂದೇ ನಾನು ತಿಳಿಯುತ್ತೇನೆ.

ಅವರು ಯಾರು? ಪಾರ್ಥೆನಾನಿನ ಪಟ್ಟಿಕೆಯನ್ನು ಕಡೆದ ಸಾಮಾನ್ಯ ಶಿಲ್ಪಿಗಳ ಹೆಸರುಗಳು ನಮಗೆ ಉಳಿದಿಲ್ಲ. ಆದರೆ ಕೆಲವು ದಶಕಗಳ ನಂತರ ಅದೇ ಬೆಟ್ಟದ ಮೇಲೆ ಕಟ್ಟಿದ ಎರೆಕ್ತಿಯಮ್ ದೇವಾಲಯದ ಖರ್ಚಿನ ಲೆಕ್ಕ ಕಲ್ಲಿನ ಮೇಲೆ ಕೆತ್ತಿದ್ದು ದೊರೆತಿದೆ. ಅದರ ಪ್ರಕಾರ ಶಿಲ್ಪಪಟ್ಟಿಕೆಯ ಒಂದು ಆಕೃತಿಗೆ 60 ದ್ರಾಕ್ಮಾ ಕೂಲಿ. ಕುಶಲಕರ್ಮಿಯ ದಿನಗೂಲಿ ಸುಮಾರು ಒಂದು ದ್ರಾಕ್ಮಾ ಆಗಿದ್ದ ಕಾಲವದು. ಆ ಕಟ್ಟಡದ ಕೆಲಸದಲ್ಲಿ ನಾಗರಿಕರು, ಪರವೂರಿನಿಂದ ಬಂದು ನೆಲೆಸಿದವರು ಹಾಗೂ ಗುಲಾಮರು ಒಟ್ಟಿಗೆ ದುಡಿದಿದ್ದರೆಂದು ಅದೇ ಲೆಕ್ಕ ತಿಳಿಸುತ್ತದೆ.

ಮೆರವಣಿಗೆಯಲ್ಲಿ ಇಲ್ಲದವರು

ಮೆಚ್ಚುಗೆಯ ಮಾತುಗಳ ಬಳಿಕ ಒಂದು ಆಕ್ಷೇಪವನ್ನೂ ಹೇಳಬೇಕು. ಆಕ್ಷೇಪವಿಲ್ಲದ ಮೆಚ್ಚುಗೆ ವಿಮರ್ಶೆಯಾಗಲಾರದು.

ಈ ಮೆರವಣಿಗೆಯಲ್ಲಿ ಎಲ್ಲರೂ ಸುಂದರರು. ಎಲ್ಲರ ಮುಖದಲ್ಲೂ ಒಂದೇ ಬಗೆಯ ಪ್ರಶಾಂತತೆ. ಕುದುರೆ ಎಷ್ಟೇ ಕೆರಳಿದರೂ ಸವಾರನ ಮುಖ ಕೆರಳುವುದಿಲ್ಲ. ಕುಂಟನಿಲ್ಲ, ಕುರುಡನಿಲ್ಲ, ಸುಕ್ಕುಗಟ್ಟಿದ ಮುಖದ ಅಜ್ಜಿಯಿಲ್ಲ, ಮಗುವನ್ನೆತ್ತಿಕೊಂಡ ತಾಯಿಯಿಲ್ಲ. ಲಾರಿಯಮ್ ಎಂಬಲ್ಲಿನ ಬೆಳ್ಳಿಯ ಗಣಿಗಳಲ್ಲಿ ಅಥೆನ್ಸಿನ ಸಂಪತ್ತಿಗಾಗಿ ಜೀವ ತೇಯ್ದ ಗುಲಾಮರಿಗೆ ಇಲ್ಲಿ ಸ್ಥಳವಿಲ್ಲ. ಉತ್ತರದ ಪಟ್ಟಿಕೆಯ ಆರಂಭದಲ್ಲಿ ಒಬ್ಬ ಚಿಕ್ಕ ಹುಡುಗ ತನ್ನ ಯುವ ಒಡೆಯನ ಹಿಂದೆ ನಿಂತು ಅವನ ಸೊಂಟದ ಪಟ್ಟಿಯನ್ನು ಸರಿಪಡಿಸುತ್ತಿದ್ದಾನೆ. ಸೇವೆಯ ಕೈಗಳಿಗೆ ಆ ಶಿಲ್ಪದಲ್ಲಿ ದೊರೆತ ಜಾಗ ಹೆಚ್ಚುಕಡಿಮೆ ಅಷ್ಟೇ.

ಹಣದ ಪ್ರಶ್ನೆಯೂ ಉಂಟು. ಪರ್ಷಿಯನ್ನರ ವಿರುದ್ಧ ಒಗ್ಗಟ್ಟಾಗಿದ್ದ ಗ್ರೀಕ್ ನಗರಗಳ ಸಾಮಾನ್ಯ ಬೊಕ್ಕಸವನ್ನು ಕ್ರಿಸ್ತಪೂರ್ವ 454ರಲ್ಲಿ ಅಥೆನ್ಸಿಗೆ ತಂದಿದ್ದರು. ಆ ಮಿತ್ರರು ಕೊಟ್ಟ ಕಪ್ಪದ ಹಣದಿಂದ ನಗರವನ್ನು ಸಿಂಗರಿಸಲಾಗುತ್ತಿದೆಯೆಂದು ಪೆರಿಕ್ಲಿಸನ ವಿರೋಧಿಗಳು ದೂರಿದ್ದರೆಂದು ಪ್ಲೂಟಾರ್ಕ್ ದಾಖಲಿಸಿದ್ದಾನೆ. ಆರಾಧನೆಯ ಸೌಂದರ್ಯಕ್ಕೆ ಯಾರ ಬೆವರು ಸೇರಿದೆಯೆಂಬ ಪ್ರಶ್ನೆಯನ್ನು ಅಂದಿನವರೂ ಕೇಳಿದ್ದರು. ದೇವಾಲಯ ಕಟ್ಟುವವರು ಇಂದಿಗೂ ಕೇಳಿಕೊಳ್ಳಬೇಕಾದ ಪ್ರಶ್ನೆಯದು.

ಇನ್ನೊಂದು ಸಂಗತಿ ನನ್ನನ್ನು ಬಹಳವಾಗಿ ಕಾಡಿದೆ. ಪೂರ್ವದ ಗೋಡೆಯ ಹನ್ನೆರಡು ದೇವತೆಗಳನ್ನು ನೋಡಿರಿ. ಹೆರಾ ದೇವತೆ ತನ್ನ ಮುಸುಕನ್ನು ಸರಿಸಿ ಪತಿ ಸ್ಯೂಸನತ್ತ ತಿರುಗಿದ್ದಾಳೆ. ಯುದ್ಧದೇವತೆ ಏರಿಸ್ ಮೊಣಕಾಲನ್ನು ಕೈಗಳಿಂದ ಬಳಸಿ ಕುಳಿತಿದ್ದಾನೆ. ಅವರೆಲ್ಲರೂ ಸುಖಾಸೀನರು, ಪರಸ್ಪರ ಮಾತನಾಡುತ್ತಿರುವವರಂತೆ ಕಾಣುತ್ತಾರೆ. ವಸ್ತ್ರದ ದೃಶ್ಯಕ್ಕೆ ಅವರು ಬೆನ್ನು ಮಾಡಿದ್ದಾರೆ. ಮಾನವರು ಅಷ್ಟು ದೂರದಿಂದ ನಡೆದು ಬಂದಿದ್ದಾರೆ, ದೇವತೆಗಳು ಎದ್ದು ನಿಂತಿಲ್ಲ. ಅವರು ಮನುಷ್ಯರಿಗಿಂತ ಗಾತ್ರದಲ್ಲಿ ದೊಡ್ಡವರು, ಆದರೆ ಮನುಷ್ಯರ ನೋವಿನ ಪಾಲುದಾರರಲ್ಲ. ಮಾನವನ ಬಳಿಗೆ ತಾನೇ ಇಳಿದುಬಂದ, ಮೈಮೇಲೆ ಗಾಯಗಳನ್ನು ಹೊತ್ತ ದೇವರನ್ನು ನಂಬಿದ ನಮಗೆ ಈ ಶಿಲ್ಪದ ಪರಿಪೂರ್ಣತೆಯಲ್ಲಿ ಒಂದು ಕೊರತೆ ಕಾಣುವುದು ಸಹಜ. ಅದನ್ನು ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಕೊರತೆಯನ್ನು ಮಾತಿನಿಂದ ಹೇಳುವುದು ಒಂದು, ಸುತ್ತಿಗೆಯಿಂದ ಹೇಳುವುದು ಇನ್ನೊಂದು.

ಉಳಿ ಹಿಡಿದ ಕೈಗಳು

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಗುರುದೀಕ್ಷೆ ಪಡೆದ ಹೊಸತರಲ್ಲಿ ಒಂದು ಭಾನುವಾರದ ಪ್ರಬೋಧನೆಯಲ್ಲಿ ನಾನು ಪಾರ್ಥೆನಾನಿನ ಕಥೆಯನ್ನು ಬಹಳ ಉತ್ಸಾಹದಿಂದ ಹೇಳಿದ್ದೆ. ಅನ್ಯದೇವತೆಯ ಗುಡಿ ದೇವಮಾತೆಯ ಆಲಯವಾದುದು ವಿಶ್ವಾಸದ ವಿಜಯವೆಂದು ವರ್ಣಿಸಿದ್ದೆ. ಗುರುಮಠದ ಪುಸ್ತಕದಲ್ಲಿ ಓದಿದ ಎರಡು ಸಾಲುಗಳೇ ನನ್ನ ಆಧಾರ. ಜನರೂ ಮೆಚ್ಚಿದರು.

ಹಲವು ವರ್ಷಗಳ ಬಳಿಕ ಅಥೆನ್ಸಿಗೆ ಹೋಗುವ ಅವಕಾಶ ಒದಗಿತು. 2009ರಲ್ಲಿ ತೆರೆದ ಆಕ್ರೊಪೊಲಿಸ್ ವಸ್ತುಸಂಗ್ರಹಾಲಯದ ಮೇಲಂತಸ್ತಿನಲ್ಲಿ, ಗಾಜಿನ ಗೋಡೆಗಳಾಚೆಗೆ ಬೆಟ್ಟದ ಮೇಲಿನ ದೇವಾಲಯ ಕಾಣುವಂತೆ, ಶಿಲ್ಪಗಳನ್ನು ಮೂಲದ ಕ್ರಮದಲ್ಲಿಯೇ ಜೋಡಿಸಿದ್ದಾರೆ. ಪೂರ್ವದ ಮೆಟೊಪ್ ಫಲಕಗಳ ಮುಂದೆ ನಿಂತೆ. ಅಲ್ಲಿ ಶಿಲ್ಪಗಳಿರಲಿಲ್ಲ, ಶಿಲ್ಪಗಳ ನೆರಳುಗಳಿದ್ದವು. ಮುಖವಿದ್ದಲ್ಲಿ ಒರಟು ಕಲ್ಲು, ತೋಳಿದ್ದಲ್ಲಿ ಉಳಿಯ ಗುರುತುಗಳು. ಕಾಲವೋ ಮಳೆಯೋ ಹೀಗೆ ಮಾಡಿರಬೇಕೆಂದು ಮೊದಲು ಭಾವಿಸಿದೆ. ಬಳಿಕ ವಿವರಣೆಯನ್ನು ಓದಿದೆ. ಪೂರ್ವ, ಪಶ್ಚಿಮ ಮತ್ತು ಉತ್ತರದ ಫಲಕಗಳನ್ನು ಕ್ರಮಬದ್ಧವಾಗಿ ಕೆತ್ತಿ ಅಳಿಸಲಾಗಿತ್ತು. ದೇವಾಲಯವನ್ನು ಕ್ರೈಸ್ತ ಆರಾಧನೆಗೆ ತಂದ ಕಾಲದಲ್ಲಿ ಇದು ನಡೆಯಿತೆಂಬುದು ವಿದ್ವಾಂಸರ ಬಹುಮತದ ಅಭಿಪ್ರಾಯ. ನಾನು ವಿಜಯವೆಂದು ಬೋಧಿಸಿದ್ದು ಇದನ್ನೇ.

ಕ್ರಿಸ್ತಶಕ ಐದನೆಯ ಶತಮಾನದ ಕೊನೆಗೋ ಆರನೆಯದರಲ್ಲೋ ಪಾರ್ಥೆನಾನ್ ಕ್ರೈಸ್ತ ದೇವಾಲಯವಾಯಿತು. ಗ್ರೀಕರ ಗುಡಿಯಲ್ಲಿ ಜನರು ಒಳಗೆ ನೆರೆದು ಪೂಜಿಸುತ್ತಿರಲಿಲ್ಲ, ಬಲಿಪೀಠ ಹೊರಗಿತ್ತು. ಕ್ರೈಸ್ತರಿಗಾದರೋ ಒಳಗೆ ಸ್ಥಳ ಬೇಕು, ಬಲಿಪೀಠ ಪೂರ್ವದಲ್ಲಿರಬೇಕು. ಆದ್ದರಿಂದ ಪ್ರವೇಶವನ್ನು ಪಶ್ಚಿಮಕ್ಕೆ ತಿರುಗಿಸಿ, ಪೂರ್ವದ ತುದಿಯಲ್ಲಿ ಬಲಿಪೀಠದ ಹಿಂದಿನ ಅರ್ಧವೃತ್ತದ ಗೋಡೆಯನ್ನು ಕಟ್ಟಿದರು. ಅದಕ್ಕಾಗಿ ಪೂರ್ವದ ತ್ರಿಕೋನದ ನಡುವಿನ ಮೂರ್ತಿಗಳು ಹೋದವು. ವಸ್ತ್ರದ ದೃಶ್ಯವಿದ್ದ ಪಟ್ಟಿಕೆಯ ನಡುಗಲ್ಲನ್ನೂ ಇಳಿಸಿದರು. ಬೆಳಕಿಗಾಗಿ ಕಿಟಕಿಗಳನ್ನು ತೆರೆದಾಗ ಪಟ್ಟಿಕೆಯ ಇನ್ನೂ ಕೆಲವು ಕಲ್ಲುಗಳು ಸ್ಥಾನ ಕಳೆದುಕೊಂಡವು.

ಅವರ ಕಷ್ಟವನ್ನೂ ನಾವು ಅರ್ಥಮಾಡಿಕೊಳ್ಳಬೇಕು. ಆ ದೇವತೆಗಳ ಪೂಜೆ ಅವರ ಪಾಲಿಗೆ ಮೊನ್ನೆಮೊನ್ನೆಯವರೆಗೆ ಜೀವಂತವಾಗಿದ್ದ ಸಂಗತಿ. ನಮಗಿಂದು ಕಲೆಯಾಗಿ ಕಾಣುವುದು ಅವರಿಗೆ ಪ್ರಲೋಭನೆಯಾಗಿ ಕಂಡಿತು. ಮಹಾ ಗ್ರೆಗೊರಿ ಜಗದ್ಗುರುಗಳು ಕೂಡ 601ರಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಮಠಾಧಿಪತಿ ಮೆಲ್ಲಿಟಸರಿಗೆ ಬರೆದ ಪತ್ರದಲ್ಲಿ ಗುಡಿಗಳನ್ನು ಕೆಡವದೆ ಉಳಿಸಿಕೊಳ್ಳಿ, ವಿಗ್ರಹಗಳನ್ನು ಮಾತ್ರ ತೆಗೆಯಿರಿ ಎಂಬರ್ಥದ ಸಲಹೆ ನೀಡಿದ್ದರು. ಆ ಕಾಲಕ್ಕೆ ಅದು ಉದಾರವಾದ ಸಲಹೆಯೇ.

ಆದರೆ ಅದಕ್ಕೂ ಐದು ಶತಮಾನಗಳ ಹಿಂದೆ ಅದೇ ಬೆಟ್ಟದ ಬುಡದಲ್ಲಿ ಸಂತ ಪೌಲರು ನಿಂತಿದ್ದರೆಂಬುದನ್ನು ಮರೆಯಬಾರದು. ಪ್ರೇಷಿತರ ಕಾರ್ಯಕಲಾಪಗಳ 17ನೆಯ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ತೆರೆದು ಓದಿರಿ. ನಗರದ ತುಂಬ ವಿಗ್ರಹಗಳನ್ನು ಕಂಡು ಪೌಲರ ಮನಸ್ಸು ಕುದಿಯಿತು. ಆದರೂ ಅರಿಯೋಪಾಗದಲ್ಲಿ ಅವರು ಮಾತು ಆರಂಭಿಸಿದ್ದು ಅಥೆನ್ಸಿನವರ ಭಕ್ತಿಯನ್ನು ಗುರುತಿಸುವುದರಿಂದ. ಅಜ್ಞಾತ ದೇವರಿಗೆ ಅವರು ಕಟ್ಟಿದ್ದ ಬಲಿಪೀಠವನ್ನೂ ಅವರ ಕವಿಗಳ ಮಾತನ್ನೂ ಎತ್ತಿಕೊಂಡೇ ಅವರು ಸೃಷ್ಟಿಕರ್ತನ ವಿಚಾರಕ್ಕೆ ಬಂದರು. ದೇವರು ಮನುಷ್ಯರು ಕಟ್ಟಿದ ಗುಡಿಗಳೊಳಗೆ ಅಡಗುವವನಲ್ಲವೆಂದು ಸ್ಪಷ್ಟವಾಗಿಯೇ ಹೇಳಿದರು. ತಲೆಯೆತ್ತಿದರೆ ಪಾರ್ಥೆನಾನ್ ಕಾಣುವಷ್ಟು ಸಮೀಪದಲ್ಲಿ ನಿಂತು ಆಡಿದ ಮಾತದು. ಅದಕ್ಕಿಂತ ಗಟ್ಟಿಯಾದ ವಿಮರ್ಶೆ ಆ ದೇವಾಲಯಕ್ಕೆ ಬೇರೊಂದಿಲ್ಲ. ಆದರೆ ಪೌಲರ ಕೈಯಲ್ಲಿ ಉಳಿಯಿರಲಿಲ್ಲ. ಅಂದು ಕೆಲವರು ನಕ್ಕರು, ದಿಯೊನೀಸಿಯ ಮತ್ತು ದಾಮರಿಯರಂಥ ಕೆಲವರು ವಿಶ್ವಾಸವಿಟ್ಟರು. ಒಂದು ಮುಖವೂ ಒಡೆಯಲಿಲ್ಲ.

ಉಳಿದುಕೊಂಡ ಒಂದು ಫಲಕ

ಉತ್ತರದ ಸಾಲಿನ ಕಟ್ಟಕಡೆಯ, ಎಂದರೆ 32ನೆಯ ಫಲಕದ ಕಥೆಯನ್ನು ನಿಮಗೆ ಹೇಳಲೇಬೇಕು. ಅಕ್ಕಪಕ್ಕದ ಫಲಕಗಳೆಲ್ಲ ಉಳಿಗೆ ತುತ್ತಾಗಿದ್ದರೂ ಇದನ್ನು ಮಾತ್ರ ಬಿಟ್ಟುಬಿಟ್ಟಿದ್ದಾರೆ. ಅದರಲ್ಲಿ ಇಬ್ಬರು ಸ್ತ್ರೀಯರಿದ್ದಾರೆ. ಒಬ್ಬಳು ಬಂಡೆಯ ಮೇಲೆ ಕುಳಿತಿದ್ದಾಳೆ, ಇನ್ನೊಬ್ಬಳು ನೆರಿಗೆಯುಡುಪಿನಲ್ಲಿ ಅವಳ ಬಳಿಗೆ ಬಂದು ನಿಂತಿದ್ದಾಳೆ. ಕಡೆದವನ ಮನಸ್ಸಿನಲ್ಲಿ ಅವರು ಯಾವುದೋ ಗ್ರೀಕ್ ದೇವತೆಯರು; ಹೆರಾ ಮತ್ತು ಅಥೀನಾ ಇರಬಹುದೆಂದು ಹಲವರ ಊಹೆ. ಆದರೆ ಉಳಿ ಹಿಡಿದು ಬಂದ ಕ್ರೈಸ್ತನ ಕಣ್ಣಿಗೆ ಅದು ಬೇರೆಯಾಗಿಯೇ ಕಂಡಿರಬೇಕು. ಕುಳಿತವಳು ಕನ್ಯಾಮರಿಯಳು, ಬಂದು ನಿಂತಿರುವುದು ಗಬ್ರಿಯೇಲ ದೂತ, ಇದು ಮಂಗಳವಾರ್ತೆಯ ದೃಶ್ಯ! ಅದಕ್ಕಾಗಿಯೇ ಫಲಕ ಉಳಿಯಿತೆಂದು ಜರ್ಮನ್ ವಿದ್ವಾಂಸ ಗೆರ್ಹಾರ್ಟ್ ರೋಡೆನ್‌ವಾಲ್ಟ್ ಸೂಚಿಸಿದರು. ಬಹಳ ಮಂದಿ ಅದನ್ನು ಒಪ್ಪಿದ್ದಾರೆ.

ಈ ಫಲಕದ ಮುಂದೆ ನಾನು ನಿಂತಷ್ಟು ಹೊತ್ತು ಬೇರೆ ಯಾವುದರ ಮುಂದೆಯೂ ನಿಲ್ಲಲಿಲ್ಲ. ಮೊದಲು ಸಂತೋಷವಾಯಿತು. ನಮ್ಮ ತಾಯಿ ಒಂದು ಶಿಲ್ಪವನ್ನು ಕಾಪಾಡಿದಳಲ್ಲಾ ಎನಿಸಿತು. ಸ್ವಲ್ಪ ಹೊತ್ತಿನ ಬಳಿಕ ಆ ಸಂತೋಷ ಕುಗ್ಗಿತು. ನಮ್ಮವಳೆಂದು ತೋರಿದ ಮುಖವನ್ನು ಉಳಿಸಿದೆವು, ನಮ್ಮದಲ್ಲವೆಂದು ತೋರಿದ ಮುಖಗಳನ್ನು ಅಳಿಸಿದೆವು. ಕಲ್ಲು ಒಂದೇ, ಸೌಂದರ್ಯ ಒಂದೇ. ಬದಲಾದುದು ನೋಡುವ ಕಣ್ಣು ಮಾತ್ರ. ಪರರ ಮುಖದಲ್ಲಿ ನಮ್ಮ ತಾಯಿಯ ಹೋಲಿಕೆ ಕಂಡರೆ ಮಾತ್ರ ನಮ್ಮ ಕೈ ತಡೆಯುತ್ತದೆಯೆಂದಾದರೆ, ಹೋಲಿಕೆ ಕಾಣದಿದ್ದಲ್ಲಿ ಗತಿಯೇನು?

ದಕ್ಷಿಣದ ಫಲಕಗಳು ಹೆಚ್ಚಾಗಿ ಉಳಿಯ ಏಟಿನಿಂದ ಪಾರಾದವು. ಅವುಗಳಲ್ಲಿ ಒಂದರಲ್ಲಿ ಸತ್ತು ಬಿದ್ದ ಲ್ಯಾಪಿತ ಯುವಕನ ಮೇಲೆ ಸೆಂಟಾರನೊಬ್ಬ ವಿಜಯದಿಂದ ಕಾಲೆತ್ತಿ ನಿಂತಿದ್ದಾನೆ. ಪಟ್ಟಿಕೆಯಲ್ಲಿ ಕಾಣದ ನೋವನ್ನು ಶಿಲ್ಪಿಗಳು ಇಲ್ಲಿ ತೋರಿಸಿದ್ದಾರೆ. ಗೆಲುವು ಯಾವಾಗಲೂ ಸಜ್ಜನರದಲ್ಲವೆಂದು ಅವರೂ ಅರಿತಿದ್ದರು.

ಚದುರಿದ ಮೆರವಣಿಗೆ

ಮುಂದಿನ ಇತಿಹಾಸವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1204ರಲ್ಲಿ ನಾಲ್ಕನೆಯ ಧರ್ಮಯುದ್ಧದವರು ಕಾನ್‌ಸ್ಟಾಂಟಿನೋಪಲನ್ನು ಸೂರೆಗೈದ ಬಳಿಕ ಅಥೆನ್ಸ್ ಪಾಶ್ಚಾತ್ಯರ ಕೈಸೇರಿತು. ಆರ್ಥೊಡಾಕ್ಸ್ ಮಹಾಧರ್ಮಾಧ್ಯಕ್ಷ ಮಿಖಾಯೇಲ್ ಖೊನಿಯಾಟಿಸರು ಪೀಠ ಬಿಡಬೇಕಾಯಿತು, ಪಾರ್ಥೆನಾನ್ ಕಥೋಲಿಕ ಪ್ರಧಾನಾಲಯವಾಯಿತು. ಒಬ್ಬ ಕ್ರೈಸ್ತನಿಂದ ಇನ್ನೊಬ್ಬ ಕ್ರೈಸ್ತ ಕಿತ್ತುಕೊಂಡ ದೇವಾಲಯವದು. ಹದಿನೈದನೆಯ ಶತಮಾನದಲ್ಲಿ ಅಟೋಮನ್ ತುರ್ಕರ ವಶವಾಗಿ ಮಸೀದಿಯಾಯಿತು. ಶಿಲ್ಪಗಳಲ್ಲಿ ಬಹುಪಾಲು ಆಗಲೂ ಸ್ವಸ್ಥಾನದಲ್ಲಿಯೇ ಇದ್ದವೆಂಬುದಕ್ಕೆ 1674ರಲ್ಲಿ ಬರೆದ ರೇಖಾಚಿತ್ರಗಳೇ ಸಾಕ್ಷಿ. ಮಹಾವಿನಾಶ ಬಂದದ್ದು 1687ರ ಸೆಪ್ಟೆಂಬರ್ 26ರಂದು. ತುರ್ಕರು ಒಳಗೆ ಮದ್ದನ್ನು ತುಂಬಿಸಿಟ್ಟಿದ್ದರು. ಮೊರೊಸಿನಿಯ ನಾಯಕತ್ವದ ವೆನಿಸ್ ಸೇನೆಯ ಗುಂಡು ಅದಕ್ಕೆ ತಗುಲಿ ದೇವಾಲಯದ ಮಧ್ಯಭಾಗ ಸಿಡಿದುಹೋಯಿತು. ಮದ್ದಿಟ್ಟವರು ಮುಸಲ್ಮಾನರು, ಗುಂಡು ಹಾರಿಸಿದವರು ಕ್ರೈಸ್ತರು.

1801ರಿಂದ ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಗಿನ್ನನ ಕಡೆಯವರು ಶಿಲ್ಪಗಳನ್ನು ಇಳಿಸಿ, ಕೆಲವನ್ನು ಗರಗಸದಿಂದ ಕೊಯ್ದು, ಹಡಗುಗಳಲ್ಲಿ ಇಂಗ್ಲೆಂಡಿಗೆ ಸಾಗಿಸಿದರು. 1816ರಲ್ಲಿ ಬ್ರಿಟಿಷ್ ಸರ್ಕಾರ 35,000 ಪೌಂಡುಗಳಿಗೆ ಅವನ್ನು ಕೊಂಡಿತು. ಮೆರವಣಿಗೆಯ 160 ಮೀಟರುಗಳಲ್ಲಿ ಸುಮಾರು 75 ಮೀಟರು ಇಂದು ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿಯೂ ಅವು ಸುರಕ್ಷಿತವಾಗಿದ್ದವೆನ್ನುವಂತಿಲ್ಲ. ಬಿಳುಪಾಗಿಸುವ ಭರದಲ್ಲಿ 1937 ಮತ್ತು 1938ರಲ್ಲಿ ಲೋಹದ ಉಪಕರಣಗಳಿಂದ ಉಜ್ಜಿ ಕೆಲವು ಕಲ್ಲುಗಳ ಮೇಲ್ಮೈಯನ್ನೇ ಕೆಡಿಸಿದರು. ಇತ್ತ ಅಥೆನ್ಸಿನಲ್ಲಿ ಉಳಿದಿದ್ದ ಪಶ್ಚಿಮದ ಪಟ್ಟಿಕೆಯನ್ನು ನಗರದ ಹೊಗೆಯಿಂದ ರಕ್ಷಿಸಲು 1993ರಲ್ಲಿ ಕೆಳಗಿಳಿಸಬೇಕಾಯಿತು. ಪಶ್ಚಿಮದ ತ್ರಿಕೋನದ ಪೊಸೈಡನ್ ಮೂರ್ತಿಯ ಎದೆಯ ಮುಂಭಾಗ ಅಥೆನ್ಸಿನಲ್ಲಿದೆ, ಉಳಿದ ಮೈ ಲಂಡನ್ನಿನಲ್ಲಿದೆ. ಯಾವ ವಾದದಿಂದ ಇದನ್ನು ಸಮರ್ಥಿಸಲಾದೀತು? ಮೆರವಣಿಗೆಯೆಂದರೆ ಜೊತೆಯಾಗಿ ನಡೆಯುವುದು. ಅದನ್ನು ಕಡಿದು ಹಂಚಿಕೊಂಡರೆ ಕಲ್ಲುಗಳು ಉಳಿಯುತ್ತವೆ, ಮೆರವಣಿಗೆ ಉಳಿಯುವುದಿಲ್ಲ.

ನಮ್ಮ ಧರ್ಮಸಭೆಯ ಬಳಿಯೂ ಮೂರು ತುಂಡುಗಳಿದ್ದವು. ಪಶ್ಚಿಮದ ತ್ರಿಕೋನದ ಒಂದು ಕುದುರೆಯ ತಲೆ, ಉತ್ತರದ ಪಟ್ಟಿಕೆಯ ಒಬ್ಬ ಹುಡುಗನ ತಲೆ, ಒಬ್ಬ ಗಡ್ಡಧಾರಿಯ ತಲೆ. ಹತ್ತೊಂಬತ್ತನೆಯ ಶತಮಾನದಿಂದ ಅವು ವ್ಯಾಟಿಕನ್ನಿನ ಸಂಗ್ರಹದಲ್ಲಿದ್ದವು. 2022ರ ಡಿಸೆಂಬರಿನಲ್ಲಿ ಜಗದ್ಗುರು ಫ್ರಾನ್ಸಿಸರು ಅವನ್ನು ಅಥೆನ್ಸಿನ ಆರ್ಥೊಡಾಕ್ಸ್ ಮಹಾಧರ್ಮಾಧ್ಯಕ್ಷ ಎರಡನೆಯ ಇಯೆರೋನಿಮೊಸರಿಗೆ ಕಾಣಿಕೆಯಾಗಿ ನೀಡುವುದಾಗಿ ತಿಳಿಸಿದರು. 2023ರ ಮಾರ್ಚಿನಲ್ಲಿ ಆ ಮೂರೂ ಅಥೆನ್ಸಿನ ವಸ್ತುಸಂಗ್ರಹಾಲಯವನ್ನು ಸೇರಿದವು. 1204ನ್ನು ನೆನೆದರೆ ಆ ಕಾಣಿಕೆಯ ತೂಕ ಹೆಚ್ಚುತ್ತದೆ. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಸಾರಿತ್ತು. ಆ ಮಾತು ಇಲ್ಲಿ ಮೂರು ಕಲ್ಲುಗಳ ರೂಪದಲ್ಲಿ ಕಾರ್ಯಗತವಾಯಿತು.

ಅಳಿಸಿಹೋದ ಫಲಕಗಳು ಮಾತ್ರ ಮತ್ತೆ ಬರಲಾರವು. ಯಾವ ಮುಖದ ಮೇಲೆ ಯಾವ ಭಾವವಿತ್ತೋ ಇನ್ನು ಯಾರೂ ಹೇಳಲಾರರು. ಪಶ್ಚಾತ್ತಾಪಕ್ಕೆ ಕ್ಷಮೆಯನ್ನು ಪಡೆಯುವ ಶಕ್ತಿಯಿದೆ, ಒಡೆದುದನ್ನು ಮೊದಲಿನಂತೆ ಮಾಡುವ ಶಕ್ತಿ ಎಲ್ಲ ವೇಳೆಯಲ್ಲೂ ಇರುವುದಿಲ್ಲ. ಪಾಪನಿವೇದನೆಯ ಪೀಠದಲ್ಲಿ ಕುಳಿತ ಎಲ್ಲ ಗುರುಗಳೂ ಇದನ್ನು ಬಲ್ಲರು.

ಪ್ರಿಯ ಓದುಗರೇ, ನಿಮ್ಮಲ್ಲಿ ಯಾರಾದರೂ ಅಥೆನ್ಸಿಗೋ ಲಂಡನ್ನಿಗೋ ಹೋದರೆ ಈ ಕಲ್ಲುಗಳ ಮುಂದೆ ಒಂದು ಗಳಿಗೆ ನಿಲ್ಲಿರಿ. ಹೋಗಲಾಗದವರು ಮಕ್ಕಳೊಡನೆ ಕುಳಿತು ಚಿತ್ರಗಳನ್ನು ನೋಡಿರಿ. ಕುದುರೆಗಳನ್ನು ತೋರಿಸಿರಿ, ಮಕ್ಕಳಿಗೆ ಅವು ಬಹಳ ಹಿಡಿಸುತ್ತವೆ. ಬಳಿಕ ಪೂರ್ವದ ಆ ಬರಿದಾದ ಫಲಕಗಳನ್ನೂ ತೋರಿಸಿರಿ. ಇದನ್ನು ಯಾರು ಮಾಡಿದರೆಂದು ಮಗು ಕೇಳಿದರೆ ಸುತ್ತಿ ಬಳಸಿ ಹೇಳಬೇಡಿರಿ. ನಮ್ಮಂತೆಯೇ ಪ್ರಾರ್ಥಿಸುತ್ತಿದ್ದವರು ಮಾಡಿದರೆಂದು ಹೇಳಿರಿ. ನನ್ನ ಆ ಹಳೆಯ ಪ್ರಬೋಧನೆಯನ್ನು ನಾನು ಹಿಂದಕ್ಕೆ ಪಡೆಯಲಾರೆ. ಅಂದು ಹೇಳದೆ ಬಿಟ್ಟ ಅರ್ಧವನ್ನು ಇಲ್ಲಿ ಬರೆದಿದ್ದೇನೆ.